ಸುಮ್ಮನೆ ಕೂರಲಾರದ ಸಂಸಾರ

ಗ್ರೀಕರ ಆಕಾಶದಲ್ಲಿ ವೀರರಿಗೆ ಬರವಿಲ್ಲ. ಹೆರಾಕ್ಲೀಸ್ ಇದ್ದಾನೆ. ಅವನು ಕೊಂದ ಸಿಂಹ ಇದೆ, ಹೈಡ್ರಾ ಎಂಬ ಹಾವಿದೆ, ಆ ಜಗಳದ ನಡುವೆ ಬಂದು ಅವನ ಕಾಲು ಕಚ್ಚಿದ ಏಡಿಗೂ ಒಂದು ಜಾಗ ಸಿಕ್ಕಿದೆ. ಬೇಟೆಗಾರ ಓರಿಯನ್ ಇದ್ದಾನೆ, ಅವನನ್ನು ಕುಟುಕಿದ ಚೇಳೂ ಇದೆ. ಆದರೆ ಎಲ್ಲ ಅಲ್ಲೊಂದು ಇಲ್ಲೊಂದು. ಚೇಳು ಪೂರ್ವದಲ್ಲಿ ಮೇಲೇಳುವ ಹೊತ್ತಿಗೆ ಓರಿಯನ್ ಪಶ್ಚಿಮದಲ್ಲಿ ಮುಳುಗಿರುತ್ತಾನೆ. ಒಂದು ಕಥೆಯ ಪೂರಾ ಮನೆಮಂದಿ ಆಕಾಶದ ಒಂದೇ ಕಡೆ ಸಿಗುವುದು ಒಮ್ಮೆ ಮಾತ್ರ. ಅಪ್ಪ, ಅಮ್ಮ, ಮಗಳು, ಅಳಿಯ, ಅಳಿಯನಿಂದ ಹುಟ್ಟಿಕೊಂಡ ಕುದುರೆ, ಸ್ವಲ್ಪ ದಕ್ಷಿಣಕ್ಕೆ ಮಗಳನ್ನು ನುಂಗಲು ಬಂದ ಕಡಲ ಮೃಗ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ರಾತ್ರಿ ಊಟ ಮುಗಿಸಿ ತಾರಸಿಗೆ ಹೋದರೆ ಇಡೀ ಸಂಸಾರ ತಲೆಯ ಮೇಲೆ ಇರುತ್ತದೆ.

ಕಥೆ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಇಥಿಯೋಪಿಯಾದ ರಾಜ ಸೀಫಿಯಸ್. ಅವನ ರಾಣಿ ಕ್ಯಾಸಿಯೋಪಿಯಾ. ಕಡಲ ಕನ್ಯೆಯರಾದ ನೀರಿಯಡ್‌ಗಳಿಗಿಂತ ನಾನೇ ಚೆಲುವೆ ಅಂತ ಅವಳು ಜಂಬ ಕೊಚ್ಚಿಕೊಂಡಳು. ಕೆಲವರು ಹೇಳುವ ಕಥೆಯಲ್ಲಿ ಚೆಲುವೆ ಅಂದದ್ದು ಮಗಳನ್ನು. ಕನ್ಯೆಯರು ಕಡಲ ದೇವರು ಪೊಸೈಡನ್ ಹತ್ತಿರ ದೂರು ಒಯ್ದರು. ಅವನು ದೇಶಕ್ಕೆ ಪ್ರವಾಹ ತಂದ, ಸೀಟಸ್ ಎಂಬ ಮೃಗವನ್ನು ಛೂ ಬಿಟ್ಟ. ರಾಜ ಅಮ್ಮೋನ್ ದೇವರ ಬಳಿ ಪ್ರಶ್ನೆ ಕೇಳಿಸಿದ. ಮಗಳನ್ನು ಮೃಗಕ್ಕೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಉತ್ತರ ಬಂತು. ರಾಜ ಮಗಳು ಆಂಡ್ರೊಮಿಡಾಳನ್ನು ಸಮುದ್ರದಂಚಿನ ಬಂಡೆಗೆ ಸರಪಳಿ ಹಾಕಿ ಕಟ್ಟಿಸಿದ. ಅಷ್ಟೊತ್ತಿಗೆ ಮೆಡೂಸಾ ಎಂಬ ರಾಕ್ಷಸಿಯ ತಲೆ ಕಡಿದು ಚೀಲದಲ್ಲಿ ಹಾಕಿಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದ ಪರ್ಸಿಯಸ್ ಇವಳನ್ನು ನೋಡಿದ. ಮೊದಲು ಅಪ್ಪನ ಹತ್ತಿರ ಮದುವೆಯ ಮಾತು ಪಕ್ಕಾ ಮಾಡಿಕೊಂಡ, ಆಮೇಲೆ ಮೃಗವನ್ನು ಕೊಂದ. ಜಾಣ.

ಈ ಕಥೆಯನ್ನು ಅಮ್ಮನಿಗೆ ಹೇಳಿದಾಗ ಅವಳಿಗೆ ಪರ್ಸಿಯಸ್‌ನ ಸಾಹಸ ಕಿವಿಗೇ ಬೀಳಲಿಲ್ಲ. "ಅಲ್ಲ ಕಣೇ, ಜಂಬ ಕೊಚ್ಕೊಂಡಿದ್ದು ತಾಯಿ. ಕಟ್ಟಿದ್ದು ಮಗಳನ್ನ. ಅಪ್ಪ ಅನ್ನಿಸಿಕೊಂಡೋನು ಏನ್ ಮಾಡ್ತಿದ್ದ?" ಅಂದಳು. ಏನೂ ಮಾಡಲಿಲ್ಲಮ್ಮ, ಕಟ್ಟಿಸಿದ ಅಷ್ಟೇ, ಅಂದೆ. "ಅಂಥವನಿಗೂ ಆಕಾಶದಲ್ಲಿ ಜಾಗ ಕೊಟ್ರಾ?" ಅಂತ ಕೇಳಿ ಒಳಗೆ ಹೋದಳು.

ಕೊಟ್ಟರು. ಅದೂ ಉತ್ತರ ಧ್ರುವದ ಮಗ್ಗುಲಲ್ಲೇ. ಮಕ್ಕಳು ಬರೆಯುವ ಮನೆಯ ಚಿತ್ರದ ಹಾಗೆ ಒಂದು ಚೌಕ, ಅದರ ಮೇಲೊಂದು ತ್ರಿಕೋನದ ಮಾಡು. ಅದೇ ಸೀಫಿಯಸ್. ನಕ್ಷತ್ರಗಳೆಲ್ಲ ಮಂಕು. ತೋರಿಸಿದರೂ ಜನ "ಯಾವುದು, ಎಲ್ಲಿ?" ಅನ್ನುತ್ತಾರೆ. ಪಕ್ಕದಲ್ಲಿ ಹೆಂಡತಿ ಐದು ನಕ್ಷತ್ರಗಳಲ್ಲಿ ಝಗಮಗಿಸುತ್ತಿರುವಾಗ ಈ ಗಂಡನನ್ನು ಯಾರು ನೋಡುತ್ತಾರೆ? ಈ ಮಂಕು ರಾಜನ ಮೇಲೆ ನನಗೆ ಆಸಕ್ತಿ ಹುಟ್ಟಿದ್ದು ತಡವಾಗಿ. ಅವನ ವಿಷಯಕ್ಕೆ ಬರುತ್ತೇನೆ.

ಕಥೆಯ ಸುತ್ತ ಇನ್ನೂ ಕೆಲವು ಸ್ವಾರಸ್ಯದ ಸಂಗತಿಗಳಿವೆ. ಆಂಡ್ರೊಮಿಡಾಳನ್ನು ಕಟ್ಟಿದ ಬಂಡೆ ಇಂದಿನ ಇಸ್ರೇಲಿನ ಜಾಫಾ ಬಂದರಿನಲ್ಲಿದೆ ಅಂತ ರೋಮನ್ನರ ಕಾಲದಲ್ಲೇ ತೋರಿಸುತ್ತಿದ್ದರು. ಸರಪಳಿಯ ಗುರುತು ಸಮೇತ! ರೋಮನ್ ಲೇಖಕ ಪ್ಲಿನಿ ಬರೆದಿರುವ ಪ್ರಕಾರ ಮಾರ್ಕಸ್ ಸ್ಕಾರಸ್ ಎಂಬ ರೋಮನ್ ಅಧಿಕಾರಿ ಆ ಮೃಗದ್ದೇ ಎನ್ನಲಾದ ಮೂಳೆಗಳನ್ನು ಜಾಫಾದಿಂದ ರೋಮಿಗೆ ತರಿಸಿ ಪ್ರದರ್ಶನಕ್ಕಿಟ್ಟಿದ್ದ. ಉದ್ದ 40 ಅಡಿ, ಪಕ್ಕೆಲುಬಿನ ಎತ್ತರ ಭಾರತದ ಆನೆಗಿಂತ ಜಾಸ್ತಿ ಅಂತ ಪ್ಲಿನಿ ಅಳತೆ ಕೊಡುತ್ತಾನೆ. ಯಾವುದೋ ತಿಮಿಂಗಿಲದ ಮೂಳೆ ಇರಬೇಕು. ರೋಮಿನ ಕವಿ ಓವಿಡ್ ಅಂತೂ ಒಂದು ಕಡೆ, ಪರ್ಸಿಯಸ್ ಆಂಡ್ರೊಮಿಡಾಳನ್ನು ಕಪ್ಪು ಬಣ್ಣದ ಭಾರತೀಯರ ನಾಡಿನಿಂದ ಕರೆತಂದ ಅಂದುಬಿಟ್ಟಿದ್ದಾನೆ. ಗ್ರೀಕರಿಗೂ ರೋಮನ್ನರಿಗೂ ಇಥಿಯೋಪಿಯಾ, ಇಂಡಿಯಾ ಎರಡೂ ಬಿಸಿಲು ಜಾಸ್ತಿ ಇರುವ ದೂರದ ದೇಶಗಳು, ಗಡಿ ಅಷ್ಟು ಸ್ಪಷ್ಟವಿಲ್ಲ. ಆದರೆ ಯುರೋಪಿನ ಚಿತ್ರಕಾರರು, ಟಿಷಿಯನ್, ರೂಬೆನ್ಸ್ ಎಲ್ಲರೂ, ಅವಳನ್ನು ಹಾಲಿನಷ್ಟು ಬೆಳ್ಳಗೆ ಬರೆದಿಟ್ಟರು. ಆಫ್ರಿಕಾದ ರಾಜಕುಮಾರಿ ಅನ್ನೋದು ಅವರಿಗೆ ನೆನಪೇ ಆಗಲಿಲ್ಲ ಅನ್ನಿಸುತ್ತದೆ.

ನಮ್ಮಲ್ಲೂ ಈ ಸಂಸಾರಕ್ಕೆ ಬೇರೆ ವೇಷ ಹಾಕಿದ್ದಾರೆ. ಕನ್ನಡದ ಖಗೋಳ ಪುಸ್ತಕಗಳಲ್ಲಿ ಕ್ಯಾಸಿಯೋಪಿಯಾ ಕುಂತಿ, ಪರ್ಸಿಯಸ್ ಪಾರ್ಥ, ಆಂಡ್ರೊಮಿಡಾ ದ್ರೌಪದಿ, ಸೀಫಿಯಸ್ ಯುಧಿಷ್ಠಿರ. ಸಂಬಂಧಗಳು ಸ್ವಲ್ಪ ಏರುಪೇರಾದವು, ಆದರೆ ಒಂದು ಜೋಡಿ ಭಲೇ ಹೊಂದಿಕೊಂಡಿದೆ. ಮಗಳನ್ನು ಬಂಡೆಗೆ ಕಟ್ಟಿಸಿದವನ ಜಾಗದಲ್ಲಿ ಹೆಂಡತಿಯನ್ನು ಪಣಕ್ಕಿಟ್ಟವನು. ಅಮ್ಮನಿಗೆ ಇದನ್ನೂ ಹೇಳಿದೆ. "ಸರಿಯಾಗಿದೆ ಬಿಡು" ಅಂದಳು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ. ಗ್ರೀಕರ ದೊಡ್ಡ ಪಂಡಿತ ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲಿ ಒಂದು ಗೆರೆ ಎಳೆದಿದ್ದ. ಚಂದ್ರನಿಂದ ಕೆಳಗೆ ಎಲ್ಲ ಹುಟ್ಟುತ್ತದೆ, ಸಾಯುತ್ತದೆ, ಕೊಳೆಯುತ್ತದೆ. ಚಂದ್ರನಿಂದ ಮೇಲೆ ಏನೂ ಬದಲಾಗುವುದಿಲ್ಲ. ನಕ್ಷತ್ರಗಳು ಸುತ್ತುತ್ತವೆ, ಅಷ್ಟೇ. ಹೊಸದು ಹುಟ್ಟಲ್ಲ, ಹಳೆಯದು ಮಂಕಾಗಲ್ಲ. ಈ ಮಾತು ಯುರೋಪಿನಲ್ಲಿ ಹತ್ತಿರ ಹತ್ತಿರ ಎರಡು ಸಾವಿರ ವರ್ಷ ನಡೆಯಿತು. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಟಾಲೆಮಿ 48 ನಕ್ಷತ್ರಪುಂಜಗಳ ಪಟ್ಟಿ ಮಾಡಿದ. ನಮ್ಮ ಈ ಸಂಸಾರದ ಆರೂ ಜನ ಅದರಲ್ಲಿದ್ದಾರೆ. ಒಂದೊಂದು ನಕ್ಷತ್ರಕ್ಕೂ ಒಂದು ಜಾಗ, ಒಂದು ಹೊಳಪಿನ ದರ್ಜೆ. ಬರೆದು ಮುಗಿಸಿದ ಮೇಲೆ ತಿದ್ದುವ ಅಗತ್ಯ ಬೀಳಲ್ಲ ಅನ್ನುವ ಧೈರ್ಯದಲ್ಲೇ ಬರೆದ ಹಾಗಿದೆ.

ಆ ಗೆರೆಯನ್ನು ಅಳಿಸಿದ್ದು ಯಾರು ಅಂತ ನೋಡುತ್ತಾ ಹೋದರೆ ಮತ್ತೆ ಮತ್ತೆ ಈ ಒಂದೇ ಮನೆಯ ಬಾಗಿಲಿಗೆ ಬರುತ್ತೇವೆ. ಓರಿಯನ್ ಮನೆಗಲ್ಲ, ಹೆರಾಕ್ಲೀಸ್ ಮನೆಗಲ್ಲ. ಜಗಳಗಂಟಿ ಕ್ಯಾಸಿಯೋಪಿಯಾಳ ಮನೆಗೆ.

ಶುರು ಮಾಡಿದ್ದೂ ಅವಳೇ. 1572ರ ನವೆಂಬರ್ 11ರ ಸಂಜೆ ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಮನೆ ಕಡೆ ನಡೆದು ಬರುತ್ತಿದ್ದ. ತಲೆ ಎತ್ತಿದರೆ ಕ್ಯಾಸಿಯೋಪಿಯಾದಲ್ಲಿ ಇರಬಾರದ ಒಂದು ನಕ್ಷತ್ರ. ಶುಕ್ರನಿಗೆ ಸಮಾನ ಹೊಳಪು. ತನ್ನ ಕಣ್ಣನ್ನೇ ನಂಬದೆ ಜೊತೆಗಿದ್ದ ಆಳುಗಳನ್ನು ಕೇಳಿದ. ಹೌದು, ಕಾಣುತ್ತಿದೆ ಅಂದರು. ಅದೂ ಸಾಲದೆ ದಾರಿಹೋಕ ರೈತರನ್ನೂ ನಿಲ್ಲಿಸಿ ಕೇಳಿದ. ಆಮೇಲೆ ಉಪಕರಣ ಹಿಡಿದು ತಿಂಗಳುಗಟ್ಟಲೆ ಅಳೆದ. ಅದು ಚಂದ್ರನಿಗಿಂತ ಹತ್ತಿರ ಇದ್ದಿದ್ದರೆ ಹಿಂದಿನ ನಕ್ಷತ್ರಗಳ ಎದುರು ಜಾಗ ಬದಲಿಸಿದ ಹಾಗೆ ಕಾಣಬೇಕಿತ್ತು. ಒಂದಿಷ್ಟೂ ಅಲುಗಲಿಲ್ಲ. ಅಂದರೆ ಅದು ಚಂದ್ರನಿಂದ ಎಷ್ಟೋ ಆಚೆ, ಏನೂ ಬದಲಾಗಬಾರದ ಜಾಗದಲ್ಲೇ ಹೊತ್ತಿಕೊಂಡಿದೆ. 1574ರ ಮಾರ್ಚ್ ಹೊತ್ತಿಗೆ ಅದು ಕಣ್ಮರೆಯಾಯಿತು. ಒಂದು ನಕ್ಷತ್ರ ಸಿಡಿದು ಸತ್ತಿತ್ತು, ಸೂಪರ್‌ನೋವಾ. ಟೈಕೋಗೆ ಅದು ಗೊತ್ತಿರಲಿಲ್ಲ. ಅರಿಸ್ಟಾಟಲ್ ತಪ್ಪು ಅನ್ನೋದು ಮಾತ್ರ ಗೊತ್ತಾಗಿತ್ತು.

ಕ್ಯಾಸಿಯೋಪಿಯಾಗೆ ಗ್ರೀಕರು ಕೊಟ್ಟ ಶಿಕ್ಷೆಯ ಬಗ್ಗೆಯೂ ಒಂದು ಮಾತು. ಅವಳು ಸಿಂಹಾಸನದಲ್ಲಿ ಕೂತಿದ್ದಾಳೆ, ಆದರೆ ಆಕಾಶ ತಿರುಗುವಾಗ ಸಿಂಹಾಸನ ತಲೆಕೆಳಗಾಗುತ್ತದೆ. ಜಂಬಕ್ಕೆ ತಕ್ಕ ಶಾಸ್ತಿ ಅಂತ. ಕ್ರಿ.ಪೂ. 3ನೇ ಶತಮಾನದ ಕವಿ ಅರಾಟಸ್ ಅವಳು ತಲೆ ಮುಂದು ಮಾಡಿ ಧುಮುಕುವವಳ ಹಾಗೆ ಇಳಿಯುತ್ತಾಳೆ ಅಂತ ಬರೆದ. ಈಗ ಉತ್ತರ ಯುರೋಪಿನಲ್ಲಿ ನಿಂತರೆ ಅವಳು ಮುಳುಗುವುದೇ ಇಲ್ಲ, ವರ್ಷದಲ್ಲಿ ಅರ್ಧ ಕಾಲ ತಲೆಕೆಳಗಾಗಿ ನೇತಾಡುವುದನ್ನು ಊರೆಲ್ಲ ನೋಡಬಹುದು. ನಮ್ಮ ಕರ್ನಾಟಕದಿಂದ ಹಾಗಲ್ಲ. ನಾವು ಭೂಮಧ್ಯರೇಖೆಗೆ ಹತ್ತಿರ, ಧ್ರುವ ನಮಗೆ ದಿಗಂತದಿಂದ ಬರೀ 12ರಿಂದ 18 ಡಿಗ್ರಿ ಮೇಲೆ. ರಾಣಿ ಈಶಾನ್ಯದಲ್ಲಿ ಹುಟ್ಟಿ, ಉತ್ತರದಲ್ಲಿ ತಲೆ ಎತ್ತಿ ಕೂತು, ವಾಯವ್ಯದಲ್ಲಿ ಇಳಿಯುತ್ತಾಳೆ. ಪೂರ್ತಿ ತಲೆಕೆಳಗಾಗುವ ಹೊತ್ತಿಗೆ ನೆಲದ ಕೆಳಗಿರುತ್ತಾಳೆ. ಅವಳ ಮಾನ ಉಳಿಸಿದ ಸೀಮೆ ನಮ್ಮದು.

ಹೀರಾ ದೇವಿಯ ಶಾಪಕ್ಕೂ ಇಲ್ಲಿ ಇದೇ ಗತಿ. ತನ್ನ ಗಂಡ ಝ್ಯೂಸ್ ಕೆಡಿಸಿದ ಕ್ಯಾಲಿಸ್ಟೋ ಎಂಬ ಹುಡುಗಿಯನ್ನು ಹೀರಾ ಕರಡಿ ಮಾಡಿದಳು. ಕರಡಿ ಆಕಾಶ ಸೇರಿದ ಮೇಲೂ ಸಿಟ್ಟು ತಣಿಯದೆ, ಇವಳಿಗೆ ಎಂದೂ ಸಮುದ್ರದಲ್ಲಿ ಮೀಯಲು ಬಿಡಬೇಡಿ ಅಂತ ಕಡಲ ದೇವತೆಗಳಿಗೆ ಹೇಳಿಟ್ಟಳು. ಗ್ರೀಸಿನಿಂದ ನೋಡಿದರೆ ಆ ಏಳು ನಕ್ಷತ್ರಗಳು ಆಗ ಮುಳುಗುತ್ತಿರಲಿಲ್ಲ, ಅದಕ್ಕೆ ಈ ಕಥೆ. ನಮಗೆ ಅದೇ ಸಪ್ತರ್ಷಿಗಳು ದಿನಾ ಮುಳುಗಿ ಏಳುತ್ತಾರೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ಓಲಾಡುವುದರಿಂದ ಈಗ ಅಥೆನ್ಸಿನಲ್ಲೂ ಕರಡಿಯ ಬಾಲದ ತುದಿಯ ನಕ್ಷತ್ರ ದಿಗಂತದ ಕೆಳಗೆ ಒಂಚೂರು ಅದ್ದಿ ಬರುತ್ತದೆ. ಶಾಪಕ್ಕೂ ಅವಧಿ ಮುಗಿಯಿತು.

ಸಂಸಾರಕ್ಕೆ ವಾಪಸ್ ಬರೋಣ. ಅಳಿಯ ಪರ್ಸಿಯಸ್. ಅವನ ಕೈಯಲ್ಲಿ ತೂಗಾಡುವ ಮೆಡೂಸಾಳ ತಲೆಯಲ್ಲಿ ಒಂದು ನಕ್ಷತ್ರವಿದೆ, ಆಲ್ಗಾಲ್. ಅರಬರು ಇಟ್ಟ ಹೆಸರು, ಪಿಶಾಚಿಯ ತಲೆ ಅಂತ. ಹೆಸರು ಕೇಳಿದರೆ ಹಳಬರಿಗೆ ಇದರ ಗುಟ್ಟು ಗೊತ್ತಿತ್ತೇನೋ ಅನ್ನಿಸುತ್ತದೆ. ಆದರೆ ಟಾಲೆಮಿ ಅದಕ್ಕೆ ಎರಡನೇ ದರ್ಜೆ ಅಂತ ಬರೆದು ಮುಂದೆ ಹೋಗಿದ್ದಾನೆ. 964ರಲ್ಲಿ ಪರ್ಷಿಯಾದ ಅಲ್ ಸೂಫಿ ಒಂದೊಂದು ನಕ್ಷತ್ರವನ್ನೂ ಮರಳಿ ನೋಡಿ ಪುಸ್ತಕ ಮಾಡಿದ, ಅವನೂ ಏನೂ ಹೇಳಿಲ್ಲ. 1667ರ ಸುಮಾರಿಗೆ ಇಟಲಿಯ ಮೊಂಟನಾರಿ ಇದು ಒಮ್ಮೊಮ್ಮೆ ಮಂಕಾಗುತ್ತದೆ ಅಂತ ಗಮನಿಸಿದ. ಯಾಕೆ, ಯಾವಾಗ ಅನ್ನೋದಕ್ಕೆ ಇನ್ನೂ ನೂರು ವರ್ಷ ಬೇಕಾಯಿತು.

ಅದನ್ನು ಹಿಡಿದ ಹುಡುಗ ಜಾನ್ ಗುಡ್‌ರಿಕ್. ಹುಟ್ಟಿದ್ದು 1764ರಲ್ಲಿ, ಹಾಲೆಂಡಿನ ಗ್ರೊನಿಂಗೆನ್‌ನಲ್ಲಿ. ಚಿಕ್ಕ ಮಗುವಾಗಿದ್ದಾಗಲೇ ಕಿವಿ ಹೋಯಿತು. ಎಡಿನ್‌ಬರೋದಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದ. ಆಮೇಲೆ ಇಂಗ್ಲೆಂಡಿನ ಯಾರ್ಕ್ ಪಟ್ಟಣಕ್ಕೆ ಬಂದ. ಅಲ್ಲಿ ಎಡ್ವರ್ಡ್ ಪಿಗೊಟ್ ಎಂಬ ನೆರೆಯವನಿಗೆ ಮನೆಯಲ್ಲೇ ಒಂದು ವೀಕ್ಷಣಾಲಯ ಇತ್ತು. ಇಬ್ಬರಿಗೂ ದೋಸ್ತಿಯಾಯಿತು. 1782ರ ನವೆಂಬರ್ 12ರ ರಾತ್ರಿ ಗುಡ್‌ರಿಕ್ ಆಲ್ಗಾಲ್ ಮಂಕಾಗಿದ್ದನ್ನು ನೋಡಿದ. ವಯಸ್ಸು 18. ಬಿಡದೆ ಕಾದು ನೋಡಿ ಲೆಕ್ಕ ಹಾಕಿದ. 2 ದಿನ, 20 ಗಂಟೆ, 49 ನಿಮಿಷಕ್ಕೊಮ್ಮೆ, ಗಡಿಯಾರ ಇಟ್ಟ ಹಾಗೆ. ಅದರ ಸುತ್ತ ಒಂದು ಮಂಕು ಕಾಯ ಸುತ್ತುತ್ತಿರಬೇಕು, ಅದು ಅಡ್ಡ ಬಂದಾಗ ಗ್ರಹಣ ಹಿಡಿಯುತ್ತಿರಬೇಕು ಅಂತ ಊಹಿಸಿದ. ರಾಯಲ್ ಸೊಸೈಟಿ 1783ರಲ್ಲಿ ಅವನಿಗೆ ಕೋಪ್ಲಿ ಪದಕ ಕೊಟ್ಟಿತು. ಅವನ ಊಹೆ ಸರಿ ಅಂತ ರುಜುವಾತಾದದ್ದು 1889ರಲ್ಲಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ, ಅಂದರೆ ರೋಹಿತ ನೋಡಿ. ಅಷ್ಟೊತ್ತಿಗೆ ಅವನು ಸತ್ತು ನೂರು ವರ್ಷ ದಾಟಿತ್ತು. 21ನೇ ವಯಸ್ಸಿಗೇ ಹೋಗಿಬಿಟ್ಟ, 1786ರ ಏಪ್ರಿಲಿನಲ್ಲಿ.

ಇದನ್ನು ನೋಡಲು ದುರ್ಬೀನು ಬೇಡ, ಬರಿಗಣ್ಣು ಸಾಕು. ನಮ್ಮ ಮನೆ ತಾರಸಿಯಿಂದ, ಬೀದಿದೀಪಕ್ಕೆ ನೀರಿನ ಟ್ಯಾಂಕ್ ಅಡ್ಡ ಬರುವ ಹಾಗೆ ನಿಂತುಕೊಂಡು, ನಾನು ನೋಡಿದ್ದೇನೆ. ಪಕ್ಕದಲ್ಲಿ ಆಂಡ್ರೊಮಿಡಾಳ ಪಾದದ ಹತ್ತಿರ ಆಲ್ಮಾಕ್ ಅಂತ ಒಂದು ನಕ್ಷತ್ರವಿದೆ. ಮಾಮೂಲಿ ದಿನ ಆಲ್ಗಾಲ್ ಹೆಚ್ಚು ಕಡಿಮೆ ಅದರಷ್ಟೇ ಹೊಳೆಯುತ್ತದೆ. ಗ್ರಹಣದ ರಾತ್ರಿ ಮೊದಲ ಒಂದು ಗಂಟೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಸುಮ್ನೆ ಕತ್ತು ನೋವು, ಸೊಳ್ಳೆ ಕಾಟ. ಆಮೇಲೆ ಒಮ್ಮೆ ಆಲ್ಮಾಕ್ ನೋಡಿ ಇದರ ಕಡೆ ತಿರುಗಿದರೆ, ಅರೆ, ಸೋತಿದೆ ಅನ್ನಿಸುತ್ತದೆ. ಇನ್ನೊಂದೆರಡು ಗಂಟೆಗೆ ಪರ್ಸಿಯಸ್‌ನ ಕಾಲಿನ ಎಪ್ಸಿಲಾನ್ ನಕ್ಷತ್ರಕ್ಕಿಂತಲೂ ಕೆಳಗಿಳಿಯುತ್ತದೆ. ಬೆಳಕು ಮೂರನೇ ಒಂದು ಭಾಗಕ್ಕೆ ಬಂದಿರುತ್ತದೆ. ಇಳಿಯಲು ಐದು ಗಂಟೆ, ಏರಲು ಐದು ಗಂಟೆ. ಒಮ್ಮೆ ನಡುರಾತ್ರಿ ಎರಡಕ್ಕೆ ಗ್ರಹಣವಾದರೆ ಮೂರನೇ ರಾತ್ರಿ ಸುಮಾರು ಹನ್ನೊಂದಕ್ಕೆ, ಅದರ ಮುಂದಿನದು ಎಂಟರ ಹತ್ತಿರ. ಆಮೇಲಿನದು ಹಗಲಿನ ಲೆಕ್ಕಕ್ಕೆ ಹೋಗುತ್ತದೆ, ಸ್ವಲ್ಪ ದಿನ ಕಾಯಬೇಕು. ನಿದ್ದೆಗೇಡಿಯಲ್ಲದವರು ಆ ಎಂಟು ಗಂಟೆಯದ್ದನ್ನು ಹಿಡಿಯುವುದು ವಾಸಿ.

ಆ ಜೋಡಿಯ ಒಳಗಿನ ಕಥೆಯೂ ಗ್ರೀಕರು ಬರೆದಂತೆಯೇ ಇದೆ. ಎರಡರಲ್ಲಿ ಹೊಳೆಯುವುದು ಬಿಸಿ ನೀಲಿ ಬಿಳುಪಿನ ನಕ್ಷತ್ರ, ಮಂಕಾದದ್ದು ಉಬ್ಬಿದ ಕಿತ್ತಳೆ ಬಣ್ಣದ್ದು. ಉಬ್ಬಿದ್ದಕ್ಕೆ ಮುಪ್ಪು ಜಾಸ್ತಿ, ಆದರೆ ತೂಕ ಕಡಿಮೆ. ಇದು ಲೆಕ್ಕಕ್ಕೆ ಬಾರದ ಮಾತು, ಯಾಕೆಂದರೆ ತೂಕ ಜಾಸ್ತಿ ಇರುವ ನಕ್ಷತ್ರವೇ ಬೇಗ ಮುದಿಯಾಗಬೇಕು. ಉತ್ತರ ಏನೆಂದರೆ, ಮೊದಲು ಅದೇ ದಪ್ಪ ಇತ್ತು. ಉಬ್ಬಿದಾಗ ಅದರ ಮೈಯ ಅನಿಲವನ್ನು ಪಕ್ಕದ್ದು ಎಳೆದುಕೊಂಡುಬಿಟ್ಟಿತು. ಆಸ್ತಿ ಬರೆಸಿಕೊಂಡ ಹಾಗೆ.

ಗುಡ್‌ರಿಕ್‌ನ ಕಥೆ ಆಲ್ಗಾಲ್‌ಗೆ ಮುಗಿಯಲಿಲ್ಲ. 1784ರಲ್ಲಿ ಅವನ ಕಣ್ಣು ಯಾರೂ ನೋಡದ ರಾಜನ ಮೇಲೆ ಬಿತ್ತು. ಸೀಫಿಯಸ್‌ನ ನಾಲ್ಕನೇ ದರ್ಜೆಯ ಒಂದು ಬಡ ನಕ್ಷತ್ರ, ಡೆಲ್ಟಾ ಸೀಫೈ. ಇದೂ ಏರಿಳಿಯುತ್ತದೆ, ಆದರೆ ಬೇರೆ ಥರ. ಆಲ್ಗಾಲ್ ದಿನಗಟ್ಟಲೆ ಒಂದೇ ಸಮ ಇದ್ದು ಆಮೇಲೆ ಇಳಿಯುತ್ತದೆ. ಇದು ನಿಲ್ಲುವುದೇ ಇಲ್ಲ. ಒಂದೂವರೆ ದಿನದಲ್ಲಿ ಸರಸರ ಏರುತ್ತದೆ, ಉಳಿದ ದಿನಗಳಲ್ಲಿ ನಿಧಾನಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. 5 ದಿನ 9 ಗಂಟೆಗೆ ಒಂದು ಸುತ್ತು. ಅಡ್ಡ ಬರುವವರು ಯಾರೂ ಇಲ್ಲ. ನಕ್ಷತ್ರವೇ ಉಬ್ಬುತ್ತದೆ, ಕುಗ್ಗುತ್ತದೆ. ಅದರ ಹೊರಮೈಯ ಕೆಳಗಿರುವ ಹೀಲಿಯಂ ಪದರ ಬಿಸಿ ತಡೆಹಿಡಿದಾಗ ಒತ್ತಡ ಏರಿ ಉಬ್ಬುತ್ತದೆ, ಉಬ್ಬಿದಾಗ ಬಿಸಿ ಹೊರಗೆ ಹೋಗಿ ಕುಗ್ಗುತ್ತದೆ. ಇಂಥ ನಕ್ಷತ್ರಗಳಿಗೆಲ್ಲ ಈಗ ರಾಜನ ಹೆಸರೇ ಕುಲದ ಹೆಸರು, ಸೀಫಿಡ್‌ಗಳು. ಮದುವೆಯಲ್ಲಿ ಅರುಂಧತಿಯ ಜೊತೆ ಪುರೋಹಿತರು ತೋರಿಸುವ ಧ್ರುವ ನಕ್ಷತ್ರವೂ ಇದೇ ಕುಲದ್ದು ಅಂದರೆ ನಂಬುತ್ತೀರಾ? ಅದೂ ಸುಮಾರು ನಾಲ್ಕು ದಿನಕ್ಕೊಮ್ಮೆ ಉಬ್ಬಿ ಕುಗ್ಗುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗದಷ್ಟು ಕಮ್ಮಿ, ಅಷ್ಟೇ.

ಈ ನಕ್ಷತ್ರಗಳ ನಿಜವಾದ ಬೆಲೆ ಗೊತ್ತಾದದ್ದು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ. ಅಲ್ಲಿ ಗಾಜಿನ ಫೋಟೋ ಫಲಕಗಳನ್ನು ಪರೀಕ್ಷಿಸಲು ಹೆಂಗಸರನ್ನು ಇಟ್ಟುಕೊಂಡಿದ್ದರು. ದುರ್ಬೀನು ಮುಟ್ಟುವ ಅವಕಾಶ ಅವರಿಗಿಲ್ಲ, ಸಂಬಳ ಗಂಟೆಗೆ ಇಷ್ಟು ಸೆಂಟು ಅಂತ. ಅವರಲ್ಲಿ ಒಬ್ಬರು ಹೆನ್ರಿಯೆಟಾ ಲೆವಿಟ್. ಅವರಿಗೂ ಕಿವಿ ಕೇಳಿಸುತ್ತಿರಲಿಲ್ಲ, ದೊಡ್ಡವರಾದ ಮೇಲೆ ಹೋದದ್ದು. ದಕ್ಷಿಣದ ಆಕಾಶದಲ್ಲಿ ಮೋಡದ ಹಾಗೆ ಕಾಣುವ ಎರಡು ನಕ್ಷತ್ರಗುಂಪುಗಳಾದ ಮೆಗೆಲ್ಲಾನಿಕ್ ಮೋಡಗಳ ಫಲಕಗಳಲ್ಲಿ ಅವರು 1777 ಏರಿಳಿಯುವ ನಕ್ಷತ್ರಗಳನ್ನು ಗುರುತು ಹಾಕಿ 1908ರಲ್ಲಿ ಪ್ರಕಟಿಸಿದರು. ಭೂತಗನ್ನಡಿ ಹಿಡಿದು, ಗಾಜಿನ ಮೇಲಿನ ಕಪ್ಪು ಚುಕ್ಕೆಗಳಲ್ಲಿ ಯಾವುದು ಇವತ್ತು ಒಂದೆಳೆ ದಪ್ಪ, ಯಾವುದು ಸಣ್ಣ ಅಂತ ಹೋಲಿಸಿ ಹೋಲಿಸಿ ಮಾಡಿದ ಕೆಲಸ. 1912ರಲ್ಲಿ ಅವುಗಳಲ್ಲಿ 25 ಸೀಫಿಡ್‌ಗಳನ್ನು ತೆಗೆದುಕೊಂಡು ಒಂದು ನಿಯಮ ತೋರಿಸಿದರು. ನಿಧಾನಕ್ಕೆ ಏರಿಳಿಯುವ ನಕ್ಷತ್ರದ ನಿಜವಾದ ಹೊಳಪು ಜಾಸ್ತಿ, ಬೇಗ ಏರಿಳಿಯುವುದರದ್ದು ಕಡಿಮೆ.

ಇದರಿಂದ ಏನಾಯಿತು ಅಂದರೆ, ದೂರದಲ್ಲಿರುವ ಒಂದು ಸೀಫಿಡ್ ಎಷ್ಟು ದಿನಕ್ಕೊಮ್ಮೆ ಏರಿಳಿಯುತ್ತದೆ ಅಂತ ಎಣಿಸಿದರೆ ಅದರ ಅಸಲಿ ಹೊಳಪು ಸಿಗುತ್ತದೆ. ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಅನ್ನೋದು ಎದುರಿಗೇ ಇದೆ. ಎರಡನ್ನೂ ಹೋಲಿಸಿದರೆ ದೂರ ಗೊತ್ತಾಗುತ್ತದೆ. ಆಕಾಶಕ್ಕೆ ಅಳತೆಗೋಲು ಸಿಕ್ಕಿತು.

ಆ ಕೋಲಿನ ಹೆಸರಾಂತ ಅಳತೆ ಯಾರದ್ದು ಗೊತ್ತಾ? ಮಗಳದ್ದು. ಆಂಡ್ರೊಮಿಡಾಳ ಸೊಂಟದ ಹತ್ತಿರ ಮಸುಕಾದ ಒಂದು ಬೆಳಕಿನ ಮಚ್ಚೆ ಇದೆ. ಊರಿನ ದೀಪಗಳಿಂದ ದೂರ ಹೋದರೆ ಬರಿಗಣ್ಣಿಗೇ ಕಾಣುತ್ತದೆ. ಅಲ್ ಸೂಫಿ ಅದನ್ನು ಚಿಕ್ಕ ಮೋಡ ಅಂತ ಬರೆದಿದ್ದ. 1885ರಲ್ಲಿ ಅದರೊಳಗೆ ಒಂದು ನಕ್ಷತ್ರ ಸಿಡಿದಿತ್ತು. ಅದು ನಮ್ಮ ಹಾಲುಹಾದಿಯೊಳಗಿನ ಅನಿಲದ ಮೋಡವೋ, ಅಥವಾ ಆಚೆಗಿರುವ ಇನ್ನೊಂದು ನಕ್ಷತ್ರಲೋಕವೋ? 1920ರಲ್ಲಿ ವಾಷಿಂಗ್ಟನ್‌ನಲ್ಲಿ ಹಾರ್ಲೋ ಶಾಪ್ಲಿ ಮತ್ತು ಹೀಬರ್ ಕರ್ಟಿಸ್ ಎಂಬ ಇಬ್ಬರು ಖಗೋಳಜ್ಞರು ಈ ಬಗ್ಗೆ ಸಭೆಯಲ್ಲೇ ವಾದಕ್ಕೆ ಇಳಿದರು. ಆ 1885ರ ನಕ್ಷತ್ರ ಅಷ್ಟು ಹೊಳೆದಿತ್ತು ಅಂದರೆ ಆ ಮೋಡ ಹತ್ತಿರದ್ದೇ ಇರಬೇಕು ಅನ್ನೋದು ಶಾಪ್ಲಿಯ ಒಂದು ವಾದ. ತೀರ್ಮಾನ ಆಗಲಿಲ್ಲ.

1923ರ ಅಕ್ಟೋಬರ್ ಮೊದಲ ವಾರ, ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಅಂಗುಲದ ದೂರದರ್ಶಕದಲ್ಲಿ ಖಗೋಳಜ್ಞ ಎಡ್ವಿನ್ ಹಬಲ್ ಆ ಮಚ್ಚೆಯ ಒಂದು ಫಲಕ ತೆಗೆದ. ಮೂರು ಕಡೆ ಹೊಸ ಚುಕ್ಕೆ ಕಂಡಿತು. ನೋವಾ, ಅಂದರೆ ದಿಢೀರನೆ ಹೊಳೆದು ಮತ್ತೆ ಮಂಕಾಗುವ ನಕ್ಷತ್ರ, ಇರಬೇಕು ಅಂತ ಮೂರಕ್ಕೂ ಇಂಗ್ಲಿಷಿನ 'ಎನ್' ಅಕ್ಷರ ಬರೆದ. ಹಳೆಯ ಫಲಕಗಳ ಜೊತೆ ಹೋಲಿಸಿದಾಗ ಅವುಗಳಲ್ಲಿ ಒಂದು ಮೊದಲೂ ಇತ್ತು, ಮಂಕಾಗಿ, ಮತ್ತೆ ಹೊಳಪಾಗಿ. ಎನ್ ಹೊಡೆದುಹಾಕಿ ಪಕ್ಕದಲ್ಲಿ 'ವೇರಿಯಬಲ್' (ಏರಿಳಿಯುವ ನಕ್ಷತ್ರ) ಎನ್ನುವುದಕ್ಕೆ ಮೂರೇ ಅಕ್ಷರ ಬರೆದು ಒಂದು ಆಶ್ಚರ್ಯಚಿಹ್ನೆ ಹಾಕಿದ. ಆ ಫಲಕ ಇವತ್ತಿಗೂ ಇದೆ. ಫೋಟೋದಲ್ಲಿ ಆ ಕೈಬರಹ ನೋಡಿದರೆ ಅವನಿಗೆ ಎಷ್ಟು ಕುಣಿಯುವ ಹಾಗೆ ಆಗಿತ್ತು ಅಂತ ತಿಳಿಯುತ್ತದೆ. ಅದು ಸೀಫಿಡ್, 31 ದಿನ ಚಿಲ್ಲರೆಗೆ ಒಂದು ಸುತ್ತು. ಲೆವಿಟ್‌ರ ನಿಯಮ ಹಾಕಿದರೆ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಬಂತು, ಹಾಲುಹಾದಿಯ ಎಲ್ಲೆಯಿಂದ ಎಷ್ಟೋ ಆಚೆ. ಹಬಲ್‌ನ ಪತ್ರ ಶಾಪ್ಲಿಗೆ ಬಂದಾಗ ಅಲ್ಲಿದ್ದ ಸಿಸಿಲಿಯಾ ಪೇನ್ ಎಂಬ ಖಗೋಳಜ್ಞೆಗೆ ಆತ, "ನನ್ನ ವಿಶ್ವವನ್ನು ಹಾಳು ಮಾಡಿದ ಪತ್ರ ಇದು" ಅಂದನಂತೆ. ಸೀಫಿಡ್‌ಗಳಲ್ಲಿ ಎರಡು ಬಗೆ ಇವೆ ಅಂತ ಮುಂದೆ ವಾಲ್ಟರ್ ಬಾಡೆ ಕಂಡುಹಿಡಿದ ಮೇಲೆ ದೂರ ಇನ್ನೂ ಹೆಚ್ಚಿತು. ಈಗಿನ ಲೆಕ್ಕ ಸುಮಾರು 25 ಲಕ್ಷ ಜ್ಯೋತಿರ್ವರ್ಷ.

ಲೆವಿಟ್ ಇದನ್ನು ನೋಡಲಿಲ್ಲ. 1921ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಸ್ವೀಡನ್ನಿನ ಗಣಿತಜ್ಞ ಮಿಟಾಗ್ ಲೆಫ್ಲರ್ 1925ರಲ್ಲಿ ಅವರನ್ನು ನೊಬೆಲ್‌ಗೆ ಸೂಚಿಸುವ ಯೋಚನೆಯಲ್ಲಿ ಪತ್ರ ಬರೆದ. ಆಗ ಗೊತ್ತಾಯಿತು, ಅವರಿಲ್ಲ ಅಂತ.

ಮಗಳನ್ನು ಬಂಡೆಗೆ ಕಟ್ಟಿಸಿ ಸುಮ್ಮನಾದ ಅಪ್ಪನ ಹೆಸರಿನ ನಕ್ಷತ್ರಗಳೇ ಮಗಳು ಎಷ್ಟು ದೂರ ಇದ್ದಾಳೆ ಅಂತ ಹೇಳಿದವು. ಇದು ಕಾಕತಾಳೀಯ ಅಂತ ನನಗೂ ಗೊತ್ತು. ಆದರೂ ಅಮ್ಮನಿಗೆ ಇದನ್ನು ಹೇಳದೆ ಇರಲಾಗಲಿಲ್ಲ. "ಹ್ಞೂಂ, ಈಗ ಅಳತೆ ಮಾಡಿ ಏನು ಪ್ರಯೋಜನ" ಅಂದಳು. ಅವಳು ಸೀಫಿಯಸ್‌ನನ್ನು ಕ್ಷಮಿಸುವ ಹಾಗೆ ಕಾಣುವುದಿಲ್ಲ.

ಮನೆಯ ಉಳಿದಿಬ್ಬರೂ ಸುಮ್ಮನೆ ಕೂತವರಲ್ಲ. ಕಡಲ ಮೃಗ ಸೀಟಸ್‌ನ ಕುತ್ತಿಗೆಯ ನಕ್ಷತ್ರವೊಂದನ್ನು 1596ರಲ್ಲಿ ಜರ್ಮನಿಯ ಪಾದ್ರಿ ಡೇವಿಡ್ ಫೆಬ್ರಿಷಿಯಸ್ ನೋಡಿದ. ಕೆಲವು ವಾರಗಳಲ್ಲಿ ಅದು ಮಾಯವಾಯಿತು. ಸತ್ತಿತು ಅಂದುಕೊಂಡ. ವರ್ಷಗಳ ನಂತರ ಮತ್ತೆ ಅಲ್ಲೇ ಕಂಡಿತು. ಅದು ಸುಮಾರು 11 ತಿಂಗಳಿಗೊಮ್ಮೆ ಬಂದು ಹೋಗುವ ನಕ್ಷತ್ರ. ಅದಕ್ಕೆ ಮೀರಾ ಅಂತ ಹೆಸರು ಬಿತ್ತು. ಲ್ಯಾಟಿನ್ ಪದ, ನಮ್ಮ ಮೀರಾಬಾಯಿಗೂ ಅದಕ್ಕೂ ಸಂಬಂಧವಿಲ್ಲ. ಮೆಡೂಸಾಳ ರಕ್ತದಿಂದ ಹುಟ್ಟಿದ ಕುದುರೆ ಪೆಗಾಸಸ್‌ನದ್ದು ತೀರಾ ಈಚಿನ ಸುದ್ದಿ. ಸೂರ್ಯನಂಥ ಬೇರೆ ನಕ್ಷತ್ರಕ್ಕೆ ಗ್ರಹ ಇದೆ ಅಂತ ಮೊದಲು ಖಾತ್ರಿಯಾದದ್ದು ಅಲ್ಲಿ, 51 ಪೆಗಾಸಿ ನಕ್ಷತ್ರದ ಸುತ್ತ, 1995ರಲ್ಲಿ. ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋಜ್‌ಗೆ ಅದಕ್ಕಾಗಿ 2019ರಲ್ಲಿ ನೊಬೆಲ್ ಬಂತು.

ಇಷ್ಟೆಲ್ಲ ಒಂದೇ ಮನೆಯಲ್ಲಿ ಯಾಕೆ ನಡೆಯಿತು? ಅದಕ್ಕೆ ಸಾದಾ ಕಾರಣಗಳೂ ಇವೆ. ಹಾಲುಹಾದಿ ಕ್ಯಾಸಿಯೋಪಿಯಾ, ಸೀಫಿಯಸ್, ಪರ್ಸಿಯಸ್ ಮೂವರ ಮೇಲೂ ಹರಿದು ಹೋಗುತ್ತದೆ, ಹಾಗಾಗಿ ನಕ್ಷತ್ರಗಳೂ ಅಲ್ಲಿ ದಂಡಿಯಾಗಿವೆ. ಡೆನ್ಮಾರ್ಕ್, ಯಾರ್ಕ್‌ನಂಥ ಉತ್ತರದ ಊರುಗಳಲ್ಲಿ ರಾಜ ರಾಣಿ ವರ್ಷವಿಡೀ ಮುಳುಗುವುದೇ ಇಲ್ಲ. ಮೋಡ ಸರಿದ ಯಾವ ರಾತ್ರಿ ತಲೆ ಎತ್ತಿದರೂ ಇವರೇ. ಕಣ್ಣಿಗೆ ದಿನಾ ಬೀಳುವವರ ತಪ್ಪು ಬೇಗ ಸಿಕ್ಕಿಬೀಳುತ್ತದೆ ಅಲ್ವಾ? ನಮ್ಮ ಕಡೆ ಹುಟ್ಟಿದ ಗುಡ್‌ರಿಕ್ ಇದ್ದಿದ್ದರೆ ಮುಂಗಾರಿನ ಮೋಡ ಅರ್ಧ ವರ್ಷ ತಿನ್ನುತ್ತಿತ್ತು.

ರಾಜನಿಗೆ ಇನ್ನೊಂದು ಬಡ್ತಿಯೂ ಕಾದಿದೆ. ಭೂಮಿಯ ಅಕ್ಷದ ಅದೇ ಓಲಾಟದಿಂದ ಕ್ರಿ.ಶ. 4000ದ ಸುಮಾರಿಗೆ ಧ್ರುವ ನಕ್ಷತ್ರದ ಕೆಲಸ ಸೀಫಿಯಸ್‌ನ ಗಾಮಾ ನಕ್ಷತ್ರಕ್ಕೆ ಬರುತ್ತದೆ, ಮನೆಯ ಚಿತ್ರದ ಮಾಡಿನ ತುದಿಯಲ್ಲಿರುವುದು. ಆಗಿನ ಮದುಮಕ್ಕಳಿಗೆ ಪುರೋಹಿತರು ಮಗಳನ್ನು ಕಟ್ಟಿಸಿದವನನ್ನು ತೋರಿಸಿ ಹೀಗಿರಿ ಅನ್ನಬೇಕು. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.

ನೋಡಬೇಕು ಅನ್ನುವವರಿಗೆ ಆಲ್ಗಾಲ್‌ಗಿಂತ ಡೆಲ್ಟಾ ಸೀಫೈ ಸುಲಭ, ನಿದ್ದೆ ಕೆಡಬೇಕಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ರಾತ್ರಿ ಎಂಟೂವರೆಗೆ ಉತ್ತರಕ್ಕೆ ಮುಖ ಮಾಡಿ. ಬೆಂಗಳೂರಿನ ಒಳಗೆ ಕಷ್ಟ, ಊರಾಚೆ ಹೋಗಿ. ಕ್ಯಾಸಿಯೋಪಿಯಾದ ಐದು ನಕ್ಷತ್ರಗಳ ಎಡಕ್ಕೆ ಸೀಫಿಯಸ್‌ನ ಚೌಕ. ಅದರ ಒಂದು ಮೂಲೆಯಲ್ಲಿ ಮೂರು ನಕ್ಷತ್ರಗಳ ಪುಟ್ಟ ತ್ರಿಕೋನ ಸಿಗುತ್ತದೆ, ಡೆಲ್ಟಾ, ಝೀಟಾ, ಎಪ್ಸಿಲಾನ್. ಝೀಟಾ ಹೊಳಪು, ಎಪ್ಸಿಲಾನ್ ಮಂಕು, ಎರಡೂ ಬದಲಾಗುವುದಿಲ್ಲ. ಡೆಲ್ಟಾ ಒಂದು ದಿನ ಝೀಟಾಗೆ ಸಮನಾಗಿರುತ್ತದೆ, ಇನ್ನೊಂದು ದಿನ ಎಪ್ಸಿಲಾನ್ ಕಡೆ ಇಳಿದಿರುತ್ತದೆ. ಯಾವುದಕ್ಕೆ ಹತ್ತಿರ ಅಂತ ದಿನಾ ಒಂದು ಸಾಲು ಬರೆದಿಡಿ. ಮೋಡ ಬರದಿದ್ದರೆ ಎರಡು ವಾರದಲ್ಲಿ 5 ದಿನ 9 ಗಂಟೆಯ ಲೆಕ್ಕ ನಿಮ್ಮ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ.